ಮನೆಯಲ್ಲೇ ಮಾಡುವ ಸ್ಪಿನ್ನರ್‌ಗೆ ಮಣಿ ಆರಿಸೋದು: ತೂತು ಮೊದಲು, ಬಣ್ಣ ಆಮೇಲೆ

ಮಣಿ ಡಬ್ಬಿ ತೆರೆದಿಟ್ಟ ಕೂಡಲೇ ಕಣ್ಣು ಬಣ್ಣದ ಮೇಲೆ ಹೋಗುತ್ತದೆ. ಸರ ಮಾಡುವವರಿಗೆ ಅದು ಸರಿ. ಗಾಳಕ್ಕೆ ಮಣಿ ಬೇಕಿದ್ದರೆ ಮಾತ್ರ ಮೊದಲು ತೂತು ನೋಡಿ.

ಯಾಕೆ ಅಂತ ಹೇಳುತ್ತೇನೆ. ಸ್ಪಿನ್ನರ್ ಅಂದರೆ ಮೀನನ್ನು ಸೆಳೆಯೋಕೆ ನೀರಲ್ಲಿ ಎಳೆಯುವ, ಮಿನುಗುತ್ತ ತಿರುಗುವ ಗಾಳ. ನಾವು ಮಾಡುವುದು ಬಹಳ ಸರಳ. ಒಂದು ಸ್ಟೀಲ್ ತಂತಿ, ಅದರ ಸುತ್ತ ತಿರುಗುವ ಎಲೆಯಂಥ ತೆಳು ಲೋಹದ ತುಂಡು, ಅಂದರೆ ಬ್ಲೇಡ್, ಬ್ಲೇಡನ್ನು ತಂತಿಗೆ ಹಿಡಿದಿಡುವ ಯು ಆಕಾರದ ಪುಟ್ಟ ಕೊಂಡಿ, ಅದಕ್ಕೆ ಕ್ಲೆವಿಸ್ ಅನ್ನುತ್ತಾರೆ, ಅದರ ಕೆಳಗೆ ಮಣಿಗಳು, ಕೊನೆಗೆ ಮೂರು ಮುಳ್ಳಿನ ಗಾಳ. ಕ್ಲೆವಿಸ್ ಕೂರುವುದು ಮೊದಲ ಮಣಿಯ ಮೇಲೆ. ಆ ಮಣಿ ಅಂದಕ್ಕಲ್ಲ, ಅದು ಬೇರಿಂಗ್. ಅದು ನುಣುಪಾಗಿದ್ದರೆ ಬ್ಲೇಡ್ ತಿರುಗುತ್ತದೆ, ಇಲ್ಲದಿದ್ದರೆ ಇಲ್ಲ.

ಹೋದ ವರ್ಷ ಕಾರವಾರದ ಕೋಡಿಬಾಗದಲ್ಲಿ ಇಳಿತದ ಹೊತ್ತಿಗೆ ಹೊಸ ಸ್ಪಿನ್ನರ್ ಎಸೆದೆ. ಎಳೆದರೆ ರಾಡಿನ ತುದಿ ನಡುಗುತ್ತಲೇ ಇಲ್ಲ, ಕಸ ಎಳೆದ ಹಾಗೆ ನೇರ ಬಂತು. ಕೈಗೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದೆ. ಕ್ಲೆವಿಸ್‌ನ ಅಂಚು ಕೆಂಪು ಪ್ಲಾಸ್ಟಿಕ್ ಮಣಿಯ ತೂತಿನೊಳಗೆ ಇಳಿದು ಕಚ್ಚಿಕೊಂಡಿತ್ತು. ತಂತಿ 0.8 ಮಿಲಿಮೀಟರ್, ಮಣಿಯ ತೂತು ಹೆಚ್ಚುಕಮ್ಮಿ 2 ಮಿಲಿಮೀಟರ್. ಮನೆಗೆ ಬಂದು ಅದೇ ಜಾಗಕ್ಕೆ 1 ಮಿಲಿಮೀಟರ್ ತೂತಿನ 3 ಮಿಲಿಮೀಟರ್ ಹಿತ್ತಾಳೆ ಮಣಿ ಹಾಕಿದೆ. ಮಾರನೇ ದಿನ ಮೊದಲ ಎಸೆತಕ್ಕೇ ರಾಡು ಗುಟುಗುಟು ಅಂತ ಮಿಡಿಯಿತು.

ಹಾಗಾಗಿ ಅಂಗಡಿಗೆ ಹೋಗುವಾಗ ಜೇಬಲ್ಲಿ ನಿಮ್ಮದೇ ತಂತಿಯ ಒಂದು ತುಂಡು ಇಟ್ಟುಕೊಳ್ಳಿ. ಮಣಿ ಪೋಣಿಸಿ ನೋಡಿ. ಸಲೀಸಾಗಿ ಜಾರಬೇಕು, ಆದರೆ ಅತ್ತಿತ್ತ ಓಲಾಡಬಾರದು. ಆಮೇಲೆ ತಂತಿಯನ್ನು ಬೆರಳಲ್ಲಿ ತಿರುಗಿಸಿ. ಮಣಿ ಒಂದೇ ಕಡೆ ಎದ್ದು ಬಿದ್ದು ಮಾಡಿದರೆ ತೂತು ನಡುವಲ್ಲಿ ಇಲ್ಲ ಅಂತ ಅರ್ಥ. ಅಂಥದ್ದನ್ನು ಬಿಟ್ಟುಬಿಡಿ, ಎಷ್ಟೇ ಚೆಂದ ಇರಲಿ.

ಇನ್ನು ಮೀನಿನ ವಿಷಯ. ಸಾಲ್ಮನ್‌ಗೆ ಮಣಿ ಅಂತ ಹುಡುಕಿದರೆ ಬರುವ ವಿಡಿಯೋಗಳಲ್ಲಿ ಜಾಸ್ತಿ ಅಲಾಸ್ಕಾದವು. ಅಲ್ಲಿ ಸಾಲ್ಮನ್ ಸಮುದ್ರದಿಂದ ನದಿಗೆ ಬಂದು ಮೊಟ್ಟೆ ಇಡುತ್ತದೆ, ಆ ಮೊಟ್ಟೆ ತಿನ್ನೋಕೆ ಟ್ರೌಟ್ ಮೀನುಗಳು ಹಿಂದೆಯೇ ಬರುತ್ತವೆ, ಅದಕ್ಕೆ 6, 8, 10 ಮಿಲಿಮೀಟರ್‌ನ ಕಿತ್ತಳೆ ಬಣ್ಣದ ಮಣಿಯನ್ನು ಗಾಳಕ್ಕಿಂತ ಸುಮಾರು 2 ಇಂಚು ಮೇಲೆ ಹಲ್ಲುಕಡ್ಡಿ ತುರುಕಿ ನಿಲ್ಲಿಸುತ್ತಾರೆ. ನಮ್ಮ ಕಾಳಿ ನದಿಯಲ್ಲಿ ಆ ಉಪಾಯಕ್ಕೆ ಅರ್ಥವಿಲ್ಲ. ಇಲ್ಲಿ ಇಂಡಿಯನ್ ಸಾಲ್ಮನ್ ಅಂತ ಹೋಟೆಲ್ ಮೆನುವಿನಲ್ಲಿ ಬರೆಯೋದು ರಾವಸ್‌ಗೆ. ಅಸಲಿ ಸಾಲ್ಮನ್‌ಗೂ ಅದಕ್ಕೂ ನೆಂಟಸ್ತನ ಇಲ್ಲ. ರಾವಸ್ ಶೆಟ್ಲಿ (ಸಿಗಡಿ) ಮತ್ತು ಚಿಕ್ಕ ಮೀನು ತಿನ್ನುತ್ತದೆ, ಅಳಿವೆಯ ರಾಡಿ ನೀರಲ್ಲೂ ಓಡಾಡುತ್ತದೆ. ಅದರ ಎದೆಯ ಹತ್ತಿರ ಎರಡೂ ಪಕ್ಕ ನಾಲ್ಕು ನಾಲ್ಕು ದಾರದಂಥ ಎಳೆ ಇರುತ್ತವೆ, ಮುಂದಿನ ಸಲ ಮಾರುಕಟ್ಟೆಯಲ್ಲಿ ಎತ್ತಿ ನೋಡಿ. ಅಲ್ಲಿನವರು ಸಾಲ್ಮನ್‌ಗೆ ಬಳಸುವ ತಿರುಗುವ ಸ್ಪಿನ್ನರ್ ಮಾತ್ರ ಇಲ್ಲೂ ಕೆಲಸ ಮಾಡುತ್ತದೆ. ನದಿಗೆ ಬಂದ ಸಾಲ್ಮನ್ ತಿನ್ನೋದನ್ನು ಹೆಚ್ಚುಕಮ್ಮಿ ಬಿಟ್ಟೇಬಿಟ್ಟಿರುತ್ತದೆ, ಆದರೂ ಕಣ್ಣೆದುರು ಮಿನುಗಿ ನಡುಗುವ ವಸ್ತುವಿಗೆ ಹೊಡೆಯುತ್ತದೆ. ರಾವಸ್ ತಿನ್ನಬೇಕು ಅಂತಲೇ ಹೊಡೆಯುತ್ತದೆ. ನಮಗೆ ಅಷ್ಟು ಸಾಕು.

ಈಗ ಮಣಿಯ ಜಾತಿ ನೋಡೋಣ. ಪ್ಲಾಸ್ಟಿಕ್ ಮಣಿ ನೀರಿಗಿಂತ ಸ್ವಲ್ಪ ಭಾರ ಅಷ್ಟೆ, ಅಕ್ರಿಲಿಕ್ ಆದರೆ ಸುಮಾರು 1.2 ಪಟ್ಟು. ಗಾಜು ಸುಮಾರು 2.5 ಪಟ್ಟು, ಹಿತ್ತಾಳೆ ಸುಮಾರು 8.5 ಪಟ್ಟು. ಗಾಳಿ ಎದುರಿಗೆ ಬೀಸುತ್ತಿದ್ದರೆ, ದೂರ ಎಸೆಯಬೇಕಿದ್ದರೆ ಹಿತ್ತಾಳೆ ಮಣಿ ಜಾಸ್ತಿ ಹಾಕಿ. ಮೊಣಕಾಲುದ್ದ ನೀರಿನಲ್ಲಿ ನಿಧಾನ ಎಳೆಯಬೇಕಿದ್ದರೆ ಪ್ಲಾಸ್ಟಿಕ್ಕೇ ಒಳ್ಳೇದು, ಸ್ಪಿನ್ನರ್ ಬೇಗ ತಳಕ್ಕೆ ಹೋಗಿ ಕಲ್ಲಿಗೆ ಸಿಕ್ಕಿಕೊಳ್ಳೋದಿಲ್ಲ. ಗಾಜಿನ ಮಣಿ ನನಗೆ ತುಂಬ ಇಷ್ಟ, ಅದರ ಬಣ್ಣ ಒಳಗಿಂದಲೇ ಬಂದಿರುತ್ತದೆ, ಸಿಪ್ಪೆ ಏಳೋದಿಲ್ಲ. ಆದರೆ ಕಲ್ಲಿಗೆ ತಾಗಿದರೆ ಒಡೆಯುತ್ತದೆ. ತೂತಿನ ಅಂಚು ಚೂಪಾಗಿದ್ದರೆ ತಂಗೂಸ್ ದಾರವನ್ನು ಕೊಯ್ದುಬಿಡುತ್ತದೆ, ಹಾಗಾಗಿ ಗಾಜು ತಂತಿಯ ಮೇಲೆ ಮಾತ್ರ, ದಾರದ ಮೇಲೆ ಬೇಡ.

ಗಾಜಿನ ಮಣಿಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಬರ ಇಲ್ಲ. ಜಾನಪದ ಹಾಡುಗಾರ್ತಿ ಪದ್ಮಶ್ರೀ ಸುಕ್ರಿ ಬೊಮ್ಮಗೌಡರ ಫೋಟೋ ನೋಡಿದವರಿಗೆ ಅವರ ಹಾಲಕ್ಕಿ ಸಮುದಾಯದ ಹೆಂಗಸರ ಕೊರಳ ತುಂಬ ಇರುವ ಮಣಿಸರ ನೆನಪಿರುತ್ತದೆ. ಅಂಕೋಲಾ, ಕುಮಟಾ ಕಡೆಯ ಬಳೆ ಅಂಗಡಿಗಳಲ್ಲಿ ಕೇಳಿ ನೋಡಿ. ತೀರಾ ಸಣ್ಣವು ನಮ್ಮ ತಂತಿಗೆ ಹೋಗೋದಿಲ್ಲ, ಸ್ವಲ್ಪ ದಪ್ಪದ್ದು ಕೇಳಿ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬೆ ಜಾತ್ರೆಯಲ್ಲಂತೂ ಆರಿಸಿದಷ್ಟು ಸಿಗುತ್ತದೆ. ಮುತ್ತಿನ ಬಣ್ಣ ಬಳಿದ ಪ್ಲಾಸ್ಟಿಕ್ ಮಣಿ ಮಾತ್ರ ತರಬೇಡಿ. ಉಗುರಿನಿಂದ ಕೆರೆದು ನೋಡಿ, ಪುಡಿ ಉದುರಿದರೆ ಉಪ್ಪುನೀರಲ್ಲಿ ಬಾಳೋದಿಲ್ಲ. ಸಂಶಯ ಇದ್ದರೆ ಲೋಟದಲ್ಲಿ ಉಪ್ಪುನೀರು ಹಾಕಿ ಎರಡು ದಿನ ನೆನೆಸಿಡಿ.

ಬಣ್ಣಕ್ಕೆ ಈಗ ಬಂದೆ. ತಿಳಿನೀರಲ್ಲಿ ಆಳ ಹೋದ ಹಾಗೆ ಮೊದಲು ಮಾಯವಾಗೋದು ಕೆಂಪು, ಅದು ಕಪ್ಪಾಗಿ ಕಾಣುತ್ತದೆ. ಆದರೆ ದಡದಿಂದ ಎಸೆಯುವ ನಮಗೆ ಆಳಕ್ಕಿಂತ ರಾಡಿಯದೇ ಚಿಂತೆ. ಮಳೆಗಾಲದಲ್ಲಿ ಕಾಳಿ ಕೆಂಪಗೆ ಬಂದಾಗ ಹೊಳೆಯುವ ಕಿತ್ತಳೆ, ಗಿಳಿಹಸಿರು ಬೆರೆತ ಹಳದಿ ಹಾಕಿ. ಡಿಸೆಂಬರ್, ಜನವರಿಯಲ್ಲಿ ನೀರು ತಿಳಿಯಾದ ಮೇಲೆ ಶೆಟ್ಲಿಯ ಹಾಗೆ ಅರೆಪಾರದರ್ಶಕ ಮಣಿ, ಅದರ ಜೊತೆ ಒಂದೇ ಒಂದು ಕೆಂಪು ಮಣಿ. ಬಣ್ಣ ನಿಜವಾಗಿ ಫ್ಲೋರೊಸೆಂಟ್ ಹೌದೋ ಅಲ್ವೋ ಅಂತ ತಿಳಿಯೋಕೆ ನೋಟು ಪರೀಕ್ಷೆ ಮಾಡುವ ನೇರಳೆ ಟಾರ್ಚ್ ಹಿಡಿಯಿರಿ, ಕತ್ತಲಲ್ಲಿ ಕೆಂಡದ ಹಾಗೆ ಹೊತ್ತಿಕೊಳ್ಳುತ್ತದೆ.

ಎಷ್ಟು ಮಣಿ ಅಂತ ಕೇಳಿದರೆ ಬ್ಲೇಡನ್ನೇ ಕೇಳಿ. ಬ್ಲೇಡನ್ನು ಕೆಳಗೆ ಬಾಗಿಸಿದಾಗ ಅದರ ತುದಿ ಗಾಳದ ಕಣ್ಣಿಗಿಂತ ಸ್ವಲ್ಪ ಮೇಲೇ ನಿಲ್ಲಬೇಕು. ಅಲ್ಲಿವರೆಗೆ 5, 6 ಮಿಲಿಮೀಟರ್ ಮಣಿ ಪೋಣಿಸಿ. ಕಮ್ಮಿ ಆದರೆ ಬ್ಲೇಡ್ ಗಾಳಕ್ಕೆ ಬಡಿಯುತ್ತದೆ. ಬಿಗಿಯಾಗಿ ತುಂಬಬೇಡಿ, ಕ್ಲೆವಿಸ್ ಓಡಾಡೋಕೆ ಒಂದು ಕೂದಲೆಳೆ ಜಾಗ ಇರಲಿ. ತಂತಿಯ ತುದಿ ಇಕ್ಕಳದಲ್ಲಿ ಸುತ್ತುವ ಮೊದಲು ಬಾಯಿಯಿಂದ ಜೋರಾಗಿ ಊದಿ, ಬ್ಲೇಡ್ ತಿರುಗಬೇಕು. ತಿರುಗದಿದ್ದರೆ ಮೊದಲ ಮಣಿ ಬದಲಿಸಿ.

ಮನೆಗೆ ಬಂದ ಕೂಡಲೇ ಸಿಹಿನೀರಲ್ಲಿ ತೊಳೆದು ಒರೆಸಿಡಿ. ಹಿತ್ತಾಳೆ ಮಣಿಗೆ ಕಿಲುಬು ಹಿಡಿದಿದ್ದರೆ ಹುಣಸೆಹಣ್ಣು ಹಚ್ಚಿ ಉಜ್ಜಿ, ಮತ್ತೆ ತೊಳೆದು, ಪೂರ್ತಿ ಒಣಗಿದ ಮೇಲೆ ಕ್ಲೆವಿಸ್ ಮತ್ತು ಮಣಿ ಕೂಡುವ ಜಾಗಕ್ಕೆ ಒಂದು ಹನಿ ತೆಂಗಿನೆಣ್ಣೆ ಬಿಡಿ.