ರೌಂಡ್ಸಿಗೆ ಹೊರಟಾಗ ಜೇಬಿನಲ್ಲೊಂದು ಪ್ರೋಬ್

ಉಡುಪಿಯ ಜುಲೈ ಮಳೆ ತಗಡಿನ ಮಾಡಿಗೆ ಬಡಿಯುತ್ತಿದ್ದರೆ ಸ್ಟೆತಾಸ್ಕೋಪಿಗೆ ಹೃದಯಕ್ಕಿಂತ ಮಳೆಯೇ ಹೆಚ್ಚು ಕೇಳಿಸುತ್ತದೆ. ಅಂಥ ಒಂದು ಬೆಳಿಗ್ಗೆ ನಮ್ಮ ವಾರ್ಡಿನಲ್ಲಿ ಬೀಡಿ ಕಟ್ಟುವ ಹೆಂಗಸೊಬ್ಬರು ಮೂರು ದಿಂಬಿಗೆ ಒರಗಿ ಕೂತಿದ್ದರು. ಮಲಗಿದರೆ ದಮ್ಮು ಕಟ್ಟುತ್ತಿತ್ತು. ಅಸ್ತಮಾ ಎಂದು ವರ್ಷಗಳಿಂದ ಇನ್‌ಹೇಲರ್ ಎಳೆಯುತ್ತಿದ್ದವರು.

ಕವಾಟ ಕೆಟ್ಟಾಗ ಹೃದಯದಲ್ಲಿ ಕೇಳುವ ಮರ್ಮರ್ ಸದ್ದು ನನಗೆ ಕೇಳಿಸಲಿಲ್ಲ. ಜೇಬಿನಿಂದ ಪುಟ್ಟ ಅಲ್ಟ್ರಾಸೌಂಡ್ ಪ್ರೋಬ್ ತೆಗೆದೆ. ಎಡಕ್ಕೆ ತಿರುಗಿ ಮಲಗಿಸಿದರೆ ಚಿತ್ರ ಚೆನ್ನಾಗಿ ಬರುತ್ತದೆ, ಆದರೆ ಅವರಿಗದು ಸಾಧ್ಯವಿರಲಿಲ್ಲ. ಕೂತಲ್ಲೇ ತುಸು ಎಡಕ್ಕೆ ವಾಲಿಸಿ, ಎದೆಮೂಳೆಯ ಎಡಬದಿಯ ಪಕ್ಕೆಲುಬಿನ ಸಂದಿನಲ್ಲಿ ಪ್ರೋಬ್ ಇಟ್ಟು, ಅದರ ಗುರುತನ್ನು ಬಲ ಭುಜದತ್ತ ತಿರುಗಿಸಿದೆ. ಹೃದಯದ ಮೇಲಿನ ಕೋಣೆ, ಎಡ ಏಟ್ರಿಯಂ, ಹಿಗ್ಗಿತ್ತು. ಅದರ ಕೆಳಗಿನ ಮೈಟ್ರಲ್ ಕವಾಟದ ಮುಂದಿನ ಎಸಳು ಪೂರ್ತಿ ತೆರೆಯದೆ ಹಾಕಿ ಕೋಲಿನಂತೆ ಬಾಗುತ್ತಿತ್ತು. ಕೇಳಿದ ಮೇಲೆ ನೆನಪಾಯಿತು ಅವರಿಗೆ: ಚಿಕ್ಕಂದಿನಲ್ಲಿ ಜ್ವರ ಬಂದು, ಮೊಣಕಾಲು ಊದಿ, ತಿಂಗಳುಗಟ್ಟಲೆ ಶಾಲೆ ತಪ್ಪಿತ್ತು. ಹೃದಯದ ಕವಾಟಗಳನ್ನು ಕೆಡಿಸುವ ರುಮ್ಯಾಟಿಕ್ ಜ್ವರ ಅದು.

ಕವಾಟ ಎಷ್ಟು ಕಿರಿದಾಗಿದೆ ಎಂದು ನನ್ನ ಉಪಕರಣ ಹೇಳಲಾರದು. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಇದೆ, ಒತ್ತಡದ ವ್ಯತ್ಯಾಸ ಅಳೆಯುವ ಸ್ಪೆಕ್ಟ್ರಲ್ ಡಾಪ್ಲರ್ ಇಲ್ಲ. ಅದೇ ಮಧ್ಯಾಹ್ನ ಹೃದ್ರೋಗ ತಜ್ಞರಲ್ಲಿಗೆ ಪೂರ್ಣ ಎಕೋಗೆ, ಅಂದರೆ ಹೃದಯದ ವಿವರವಾದ ಅಲ್ಟ್ರಾಸೌಂಡ್ ಪರೀಕ್ಷೆಗೆ, ಕಳಿಸಿದೆ.

ನಾನು ಇದರಲ್ಲಿ ಹುಡುಕುವುದು ಸ್ವಲ್ಪವೇ. ರಕ್ತವನ್ನು ಮೈಗೆಲ್ಲ ತಳ್ಳುವ ಕೆಳಗಿನ ಕೋಣೆ, ಎಡ ವೆಂಟ್ರಿಕಲ್, ಗಟ್ಟಿಯಾಗಿ ಹಿಂಡುತ್ತಿದೆಯೇ, ಹೃದಯದ ಸುತ್ತ ನೀರಿದೆಯೇ, ಬಲಭಾಗ ಊದಿದೆಯೇ, ಹೃದಯಕ್ಕೆ ರಕ್ತ ತರುವ ದೊಡ್ಡ ರಕ್ತನಾಳ ಐವಿಸಿ 2.1 ಸೆಂ.ಮೀ. ಮೀರಿ ದಪ್ಪಗಾಗಿ ಉಸಿರೆಳೆದಾಗಲೂ ಕುಗ್ಗದೆ ನಿಂತಿದೆಯೇ. ಇಷ್ಟನ್ನು ಕಲಿಯಲು ಒಂದು ನೋಟ್‌ಬುಕ್ ಇಟ್ಟೆ. ನನ್ನ ಅಂದಾಜನ್ನು ಮೊದಲೇ ಬರೆದಿಟ್ಟು, ಎಕೋ ವರದಿ ಬಂದ ಮೇಲೆ ಪಕ್ಕದಲ್ಲಿ ಅದನ್ನು ಬರೆಯುತ್ತಿದ್ದೆ. ಆರಂಭದ ಪುಟಗಳಲ್ಲಿ ಎರಡು ಸಲ ಹೃದಯದ ಮುಂಭಾಗದ ಕೊಬ್ಬನ್ನೇ ನೀರೆಂದು ಬರೆದಿದ್ದೇನೆ. ಕೊಬ್ಬು ಹೃದಯದ ಜತೆ ಅಲುಗಾಡುತ್ತದೆ, ನೀರು ಸಾಮಾನ್ಯವಾಗಿ ಹಿಂಬದಿಯಲ್ಲಿ ಮೊದಲು ನಿಲ್ಲುತ್ತದೆ. ಈ ವ್ಯತ್ಯಾಸ ಕಣ್ಣಿಗೆ ಕೂತದ್ದು ಆ ಎರಡು ತಪ್ಪುಗಳ ನಂತರ.

"ಮನೆಗೇ ತನ್ನಿ ಡಾಕ್ಟ್ರೇ, ಅಮ್ಮನಿಗೆ ನಡೆಯಲಾಗುವುದಿಲ್ಲ" ಎಂದು ಮಲ್ಪೆಯಿಂದ ಕರೆ ಬರುತ್ತದೆ. ಒಯ್ಯುವಂತಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಜೇಬಿನ ಯಂತ್ರಕ್ಕೂ ನೋಂದಣಿ ಬೇಕು, ನೋಂದಾಯಿಸಿದ ಆವರಣದಲ್ಲಿ ಒಳರೋಗಿಗಳಿಗಷ್ಟೇ ಬಳಸಬೇಕು. ಇಲ್ಲವೆನ್ನುವಾಗ ಸಂಕಟವಾಗುತ್ತದೆ, ಆದರೂ ಹೆಣ್ಣುಮಕ್ಕಳನ್ನು ಉಳಿಸಲು ಬಂದ ನಿಯಮವಿದು, ನಾನು ಮುರಿಯುವುದಿಲ್ಲ.

ಬೀಡಿ ಕಟ್ಟುವ ಅಮ್ಮನಿಗೆ ಕಿರಿದಾದ ಕವಾಟವನ್ನು ಹಿಗ್ಗಿಸುವ ಬಲೂನ್ ಚಿಕಿತ್ಸೆಯಾಯಿತು. ರುಮ್ಯಾಟಿಕ್ ಜ್ವರ ಮರುಕಳಿಸದಂತೆ 21 ದಿನಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದಿಗೆ ಬರುತ್ತಾರೆ. ಈಗ ಒಂದೇ ದಿಂಬು ಸಾಕು ಎಂದರು ಕಳೆದ ಸಲ.