ಅಡುಗೆ ಭಟ್ಟರಿಲ್ಲದೆ ಇಪ್ಪತ್ನಾಲ್ಕು ಮಕ್ಕಳ ಕ್ಯಾಂಪ್

"ಮಕ್ಕಳ ಕೈಗೆ ದುಡ್ಡು ಕೊಟ್ಟು ಸಾಮಾನು ತನ್ನಿ ಅಂದ್ರೆ ಕುರ್ಕುರೆ ಪ್ಯಾಕೆಟ್ ತರ್ತಾವೆ, ರಾತ್ರಿ ಎಲ್ರೂ ಉಪವಾಸ ಮಲಗ್ತೀರಿ ನೋಡಣ್ಣ." ನಮ್ಮ ಯುವಕ ಸಂಘದ ಖಜಾಂಚಿ ಸಭೆಯಲ್ಲಿ ಎಲ್ಲರ ಮುಂದೆ ಹೇಳಿದ ಮಾತಿದು. ಕಳೆದ ಫೆಬ್ರವರಿಯ ಕ್ಯಾಂಪಿನಲ್ಲಿ ಅದೇ ಖಜಾಂಚಿ ಮಕ್ಕಳೇ ಮಾಡಿದ ಅಡುಗೆಯನ್ನು ಎರಡು ಸಲ ಬಡಿಸಿಕೊಂಡು ಊಟ ಮಾಡಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕ್ಯಾಂಪ್ ನಡೆಸಿ ಗೊತ್ತಿರುವವರಿಗೆ ಟಾರ್ಚು, ಹೊದಿಕೆ, ಔಷಧಿ ಪೆಟ್ಟಿಗೆ, ತಂದೆತಾಯಿಯ ಸಹಿ ಇವೆಲ್ಲ ಹೇಳಿಕೊಡಬೇಕಿಲ್ಲ, ಬಿಟ್ಟಿದ್ದೇನೆ.

ನಮ್ಮದು ಚನ್ನರಾಯಪಟ್ಟಣ. ಕ್ಯಾಂಪ್ ಜಾಗ ಸಕಲೇಶಪುರದ ಹತ್ತಿರದ ಒಂದು ಕಾಫಿ ತೋಟದ ಮೂರು ಮರದ ಕ್ಯಾಬಿನ್. ಹಿಂದೆಲ್ಲ ಪ್ಯಾಕೇಜ್ ತಗೊಳ್ಳುತ್ತಿದ್ದೆವು: ಊಟ ಸೇರಿ ತಲೆಗೆ ಸಾವಿರದ ಎಂಟುನೂರು, ಮೇಲೆ ಮಿನಿ ಬಸ್ಸು. ಒಟ್ಟು ಅರವತ್ತು ಸಾವಿರದ ಹತ್ತಿರ ಹೋಗುತ್ತಿತ್ತು. ಕೊಡಲು ಆಗುವ ಮನೆಯ ಮಕ್ಕಳು ಮಾತ್ರ ಬರುತ್ತಿದ್ದರು. ಭಟ್ಟರ ಅಡುಗೆ ಚೆನ್ನಾಗಿಯೇ ಇರುತ್ತಿತ್ತು, ತೊಂದರೆ ಅದೇ. ತಿನ್ನೋದು, ಕೈ ತೊಳೆಯೋದು, ಮೊಬೈಲ್ ಹಿಡಿದು ಮೂಲೆ ಸೇರೋದು. ಎರಡು ದಿನ ಜೊತೆಗಿದ್ದು ಬಂದರೂ ಮೇಲಿನ ಬೀದಿಯ ಹುಡುಗನಿಗೆ ಕೆಳಗಿನ ಬೀದಿಯವನ ಹೆಸರು ಗೊತ್ತಿರುತ್ತಿರಲಿಲ್ಲ. ಗಂಟೆಗೊಂದು ಆಟ ಅಂತ ಪಟ್ಟಿ ಹಾಕಿ ಸೀಟಿ ಊದಿದ್ದೂ ಆಯಿತು. ಮಧ್ಯಾಹ್ನದ ಹೊತ್ತಿಗೆ ಸೀಟಿ ಊದುವವನೊಬ್ಬನೇ ಮೈದಾನದಲ್ಲಿ.

ಈಗಿನ ಪದ್ಧತಿ ಇಷ್ಟೇ. ಆರಾರು ಜನರ ನಾಲ್ಕು ತಂಡ. ಶನಿವಾರ ರಾತ್ರಿ ಊಟ, ಭಾನುವಾರ ತಿಂಡಿ, ಮಧ್ಯಾಹ್ನದ ಊಟ ಒಂದೊಂದು ತಂಡಕ್ಕೆ. ನಾಲ್ಕನೆಯದಕ್ಕೆ ಟೀ, ಸೌದೆ, ಪಾತ್ರೆ. ಅಕ್ಕಿ ತಲೆಗೆ ಅರ್ಧ ಕೆಜಿ ಅವರವರ ಮನೆಯಿಂದಲೇ. ಮಿಕ್ಕ ಸಾಮಾನಿಗೆ ಅಡುಗೆ ತಂಡದ ಕೈಗೆ ಒಂದೂವರೆ ಸಾವಿರ ನಗದು ಕೊಟ್ಟು ಸಕಲೇಶಪುರ ಪೇಟೆಯಲ್ಲಿ ಬಿಡುತ್ತೇನೆ. ಉಳಿದರೆ ಆ ದುಡ್ಡು ಅವರದೇ.

ಇಲ್ಲೇ ಮೊದಲು ಎಡವಟ್ಟಾಗಿದ್ದು. ಒಂದು ತಂಡ ಬರೀ ಈರುಳ್ಳಿ ಗೊಜ್ಜು ಮಾಡಿ ಸಾವಿರ ರೂಪಾಯಿ ಜೇಬಿಗಿಳಿಸಿತು. ಆಮೇಲೆ ತಂದ ನಿಯಮವೇ ಇಡೀ ಪದ್ಧತಿಯ ಜೀವ: ಯಾರಾದರೂ ಹಸಿದುಕೊಂಡು ಎದ್ದರೆ, ಇಲ್ಲವೇ ಪಾತ್ರೆಯಲ್ಲಿ ಅಡುಗೆ ದಂಡವಾಗಿ ಉಳಿದರೆ, ಉಳಿತಾಯವೆಲ್ಲ ಪಾತ್ರೆ ತೊಳೆಯುವ ತಂಡಕ್ಕೆ. ತೀರ್ಪು ಕೊಡುವವರು ಉಣ್ಣುವವರೇ. ಈಗ ಪೇಟೆಯಲ್ಲಿ ಅವರು ಮಾಡುವ ಚೌಕಾಸಿ ನೋಡಬೇಕು! ಟೊಮೆಟೊ ಕೆಜಿಗೆ ಐದು ರೂಪಾಯಿ ಇಳಿಸಲು ಒಂಬತ್ತನೇ ಕ್ಲಾಸಿನ ಹುಡುಗಿ ನಾಲ್ಕು ಅಂಗಡಿ ಸುತ್ತಿದಳು.

ತಂಡವನ್ನು ವಯಸ್ಸಿನ ಪ್ರಕಾರ ಮಾಡಿದರೆ ಕೆಡುತ್ತೆ, ಗೆಳೆಯರ ಗುಂಪಾಗಿ ಬಿಟ್ಟರೂ ಕೆಡುತ್ತೆ. ಹಾಗೆ ಮಾಡಿದಾಗ ದೊಡ್ಡ ಹುಡುಗಿಯರು ಒಲೆ ಮುಂದೆ ಬೇಯುತ್ತಿದ್ದರು, ಗಂಡುಹುಡುಗರು ಸೌಟು ಹಿಡಿದು ಫೋಟೊಗೆ ನಿಲ್ಲುತ್ತಿದ್ದರು. ಈಗ ನಾನು ಹೇಗೆ ಜೋಡಿಸುತ್ತೇನೆ, ಮೊಬೈಲುಗಳೆಲ್ಲ ತಾವಾಗಿಯೇ ಹೇಗೆ ಡಬ್ಬಿಗೆ ಬೀಳುತ್ತವೆ ಅನ್ನೋದನ್ನ ಇಲ್ಲಿ ಬರೆಯಲ್ಲ. ನಮ್ಮ ಹುಡುಗರೂ ಇದನ್ನು ಓದುತ್ತಾರೆ.

ತಿಂಡಿಯದೇ ದೊಡ್ಡ ಯುದ್ಧ. "ಮಲೆನಾಡಿಗೆ ಬಂದು ಅಕ್ಕಿ ರೊಟ್ಟಿ ತಿನ್ನದೆ ಹೋಗೋದಾ ಅಣ್ಣ?" ಅಂತ ಹಟ. ಸರಿ, ಮಾಡಿ ಅಂದೆ. ಎರಡು ಕಾವಲಿ, ಐವತ್ತಕ್ಕೂ ಹೆಚ್ಚು ರೊಟ್ಟಿ, ಒಂದೊಂದಕ್ಕೆ ನಾಲ್ಕು ನಿಮಿಷ ಅಂದರೂ ಎಷ್ಟಾಯಿತು? ಕಡೆಯವನಿಗೆ ರೊಟ್ಟಿ ಸಿಗುವ ಹೊತ್ತಿಗೆ ಮೊದಲು ತಿಂದವನಿಗೆ ಮತ್ತೆ ಹಸಿವಾಗಿತ್ತು. ಅಲ್ಲಿಂದ ಮುಂದೆ ಉಪ್ಪಿಟ್ಟೇ. ಈರುಳ್ಳಿ, ಮೆಣಸಿನಕಾಯಿ ರಾತ್ರಿಯೇ ಹೆಚ್ಚಿಟ್ಟರೆ ಎಂಟಕ್ಕೆ ತಿಂಡಿ ಮುಗಿಯುತ್ತೆ.

ರಾತ್ರಿ ಊಟ ಮಾತ್ರ ಕತ್ತಲಾಗುವ ಮೊದಲೇ ಆಗಬೇಕು. ಸಕಲೇಶಪುರ, ಆಲೂರು ಕಡೆ ಆನೆ ಕಾಟ ಎಷ್ಟಿದೆ ಅಂತ ಹಾಸನ ಜಿಲ್ಲೆಯವರಿಗೆ ಹೇಳಬೇಕಿಲ್ಲ. ಗುಂಪು ಎಲ್ಲಿದೆ ಅನ್ನುವ ಅರಣ್ಯ ಇಲಾಖೆಯ ಸಂದೇಶ ತೋಟದವರ ಮೊಬೈಲಿಗೆ ಬರುತ್ತಿರುತ್ತೆ. ಸಂಜೆ ನಾಲ್ಕಕ್ಕೆ ಒಲೆ ಹಚ್ಚಿ, ಆರೂವರೆಗೆ ಊಟ ಮುಗಿಸಿ, ಆಮೇಲೆ ಕ್ಯಾಬಿನ್ ಬಾಗಿಲು ದಾಟುವಂತಿಲ್ಲ. ರಾತ್ರಿ ನಡಿಗೆ, ಬೆಂಕಿ ಸುತ್ತ ಹಾಡು ಇವೆಲ್ಲ ಬೇರೆ ಊರಿನ ಕ್ಯಾಂಪಿಗೆ. ಹಾಗೆಯೇ ರೈಲು ಹಳಿ ಮೇಲೆ ನಡೆಯೋಣ ಅಂತ ಒಬ್ಬನಾದರೂ ಕೇಳೇ ಕೇಳುತ್ತಾನೆ. ಘಾಟಿಯ ಹಳಿ ಮೇಲೆ ನಡೆಯೋದು ಕಾನೂನಿಗೆ ವಿರುದ್ಧ, ಮೇಲಿಂದ ಅಲ್ಲಿ ಸುರಂಗ, ಸೇತುವೆಗಳ ಸಾಲು. ಬಿಲ್ಕುಲ್ ಬೇಡ.

ಅದರ ಬದಲು ಭಾನುವಾರ ಬೆಳಿಗ್ಗೆ ಮಂಜರಾಬಾದ್ ಕೋಟೆ. ಟಿಪ್ಪು 1792ರಲ್ಲಿ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದಾಕಾರ. ಆ ಆಕಾರ ಡ್ರೋನ್ ಫೋಟೊದಲ್ಲಿ ಎದ್ದು ಕಾಣುತ್ತೆ, ಒಳಗೆ ನಿಂತರೆ ಒಂದೂ ತಿಳಿಯಲ್ಲ. ಅದನ್ನೇ ಆಟ ಮಾಡಿದೆ: ತಂಡಕ್ಕೆ ಎರಡೆರಡು ಮೂಲೆ, ಗೋಡೆಗುಂಟ ಹೆಜ್ಜೆ ಎಣಿಸಿ ನಕ್ಷೆ ಬರೆಯಬೇಕು, ಕೊನೆಗೆ ನಾಲ್ಕೂ ಹಾಳೆ ಜೋಡಿಸಬೇಕು. ಬಂದದ್ದು ನಕ್ಷತ್ರಕ್ಕಿಂತ ಹೆಚ್ಚಾಗಿ ಒಡೆದ ಹಪ್ಪಳದಂತಿತ್ತು. ಆದರೆ ಸೀಟಿ ಊದದೆ ಎರಡು ಗಂಟೆ ಕಳೆಯಿತು.

ಇನ್ನೊಂದು ಪ್ರಯೋಗ ಹೇಳಲೇಬೇಕು. ಅನ್ನ ಒಂದು ಕುದಿ ಬಂದು ಐದಾರು ನಿಮಿಷವಾದ ಮೇಲೆ ಪಾತ್ರೆ ಇಳಿಸಿ, ಮುಚ್ಚಳ ಭದ್ರಮಾಡಿ, ಎರಡು ಕಂಬಳಿ ಸುತ್ತಿಟ್ಟೆವು. ಮುಕ್ಕಾಲು ಗಂಟೆಗೆ ಬೆಂದಿತ್ತು, ತಳ ಸ್ವಲ್ಪ ಮುದ್ದೆಯಾಗಿತ್ತು. ಒಲೆ ಸಾರಿಗೆ ಖಾಲಿ, ಸೌದೆಯೂ ಉಳೀತು. ಚಿಕ್ಕ ಪಾತ್ರೆಯಲ್ಲಿ ಮಾಡಿದರೆ ಕಾವು ಬೇಗ ಹೋಗಿ ಅಕ್ಕಿ ಅರ್ಧಂಬರ್ಧ ಆಗುತ್ತೆ. ಸೌದೆಗೆ ಹಳೇ ಕಾಫಿ ಗಿಡದ ಬೊಡ್ಡೆ ಕೇಳಿ ಇಸ್ಕೊಳ್ಳಿ, ಕೆಂಡ ನಿಲ್ಲುತ್ತೆ. ಸಿಲ್ವರ್ ಓಕ್ ಕೊಂಬೆ ಬುಸ್ಸಂತ ಉರಿದು ಮುಗಿಯುತ್ತೆ.

ಲೆಕ್ಕ ನೆನಪಿದ್ದಷ್ಟು: ಊಟವಿಲ್ಲದೆ ಕ್ಯಾಬಿನ್‌ಗಳಿಗೆ ಒಂಬತ್ತು ಸಾವಿರ. ಮಾಲೀಕರು ಮೊದಲು ಒಪ್ಪಲಿಲ್ಲ, ಅಡುಗೆ ಶೆಡ್ಡು ನಾವೇ ತೊಳೆದುಕೊಡ್ತೀವಿ ಅಂದ ಮೇಲೆ ಒಪ್ಪಿದರು. ಶೆಡ್ಡು, ಸೌದೆ ಒಂದು ಸಾವಿರ. ಪೇಟೆಯಿಂದ ತೋಟಕ್ಕೆ ಪಿಕಪ್, ಹೋಗಿಬರಲು ಎರಡು ಸಾವಿರ. ಅಡುಗೆಗೆ ನಾಲ್ಕೂವರೆ ಸಾವಿರ, ಟೀ, ಹಾಲು, ಬಿಸ್ಕತ್ತಿಗೆ ಇನ್ನೊಂದು ಸಾವಿರದ ಚಿಲ್ಲರೆ. ಮಿನಿ ಬಸ್ಸಿನ ಜಾಗಕ್ಕೆ ಸರ್ಕಾರಿ ಬಸ್ಸು. ಹಾಸನದಲ್ಲಿ ಇಳಿದು ಹತ್ತಬೇಕು, ಅಷ್ಟೇ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಹನ್ನೊಂದು ಹುಡುಗಿಯರು, ಜೊತೆಗೆ ಬಂದ ಟೀಚರಕ್ಕ ಎಲ್ಲರಿಗೂ ಶೂನ್ಯ ಟಿಕೆಟ್. ಆಧಾರ್ ಕಾರ್ಡ್ ಮರೆಯದಂತೆ ಹಿಂದಿನ ದಿನವೇ ನೋಡಿಕೊಂಡೆ. ಗಂಡಸರ ಟಿಕೆಟ್ಟಿಗೆ ಮೂರು ಸಾವಿರದ ಮೇಲೆ. ಎಲ್ಲ ಸೇರಿ ಇಪ್ಪತ್ತೊಂದು ಸಾವಿರದ ಆಸುಪಾಸು. ತಲೆಗೆ 950 ವಸೂಲಿ ಮಾಡಿದ್ದೆವು. ಹುಡುಗರ ಟಿಕೆಟ್ ದುಡ್ಡನ್ನು ಎಲ್ಲರ ಮೇಲೂ ಹಂಚಿದ್ದಕ್ಕೆ ಹುಡುಗಿಯರು ತಕರಾರು ತೆಗೆದರು. ನ್ಯಾಯವೇ ಅನ್ನಿ. ಮುಂದಿನ ಸಲ ಅವರಿಗೆ ನೂರು ಕಡಿಮೆ.

ಮಳೆಗಾಲದಲ್ಲಿ ಬಾಡಿಗೆ ಇಳಿಯುತ್ತೆ ಅಂತ ಖಜಾಂಚಿ ಈಗಲೇ ಜುಲೈ ಲೆಕ್ಕ ಹಾಕುತ್ತಿದ್ದಾರೆ. ಹಸಿ ಸೌದೆ, ಕಾಲಿಗೆಲ್ಲ ಉಂಬಳ (ಜಿಗಣೆ). ನಾನಂತೂ ಡಿಸೆಂಬರ್ ದಾಟದೆ ಹೊರಡಲ್ಲ ಅಂದಿದ್ದೇನೆ.