ಮಾರ್ಚ್ 31ರ ರಾತ್ರಿಯನ್ನು ಜುಲೈನಲ್ಲೇ ತರಿಸುವುದು ಹೇಗೆ

ನಮ್ಮದು ದಾವಣಗೆರೆಯಲ್ಲಿ ಒಂದು ಸಣ್ಣ ತಂಡ. ಔಷಧಿ ಅಂಗಡಿ, ಗೊಬ್ಬರದ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ನಾನು ಟೆಸ್ಟಿಂಗ್ ನೋಡಿಕೊಳ್ಳುವವಳು. ಬಿಲ್ಲಿಂಗ್‌ನಲ್ಲಿ ವರ್ಷಕ್ಕೆ ಒಂದೇ ಸಲ ಓಡುವ ಕೋಡ್ ಬೇಕಾದಷ್ಟಿದೆ. ಏಪ್ರಿಲ್ 1ಕ್ಕೆ ಹೊಸ ಹಣಕಾಸು ವರ್ಷ, ಬಿಲ್ ನಂಬರಿನ ಸರಣಿ ಹೊಸದಾಗಿ ಶುರುವಾಗಬೇಕು. ಜಿಎಸ್‌ಟಿ ನಿಯಮ 46ರ ಪ್ರಕಾರ ಒಂದೇ ಹಣಕಾಸು ವರ್ಷದಲ್ಲಿ ಒಂದು ನಂಬರ್ ಎರಡು ಸಲ ಬರುವಂತಿಲ್ಲ, 16 ಅಕ್ಷರ ದಾಟುವಂತಿಲ್ಲ. ಮಾತ್ರೆಯ ಸ್ಟ್ರಿಪ್ ಮೇಲೆ ಎಕ್ಸ್‌ಪೈರಿ 02/2028 ಅಂತಿದ್ದರೆ ಆ ತಿಂಗಳ ಕೊನೆಯ ದಿನದವರೆಗೂ ಮಾರಬಹುದು. 2028 ಅಧಿಕ ವರ್ಷ. ಅಂದರೆ 29ನೇ ತಾರೀಕೂ ಮಾರಬಹುದು, ಮಾರ್ಚ್ 1ಕ್ಕೆ ಬೇಡ.

ಇದನ್ನೆಲ್ಲ ಆ ದಿನ ಬರುವವರೆಗೆ ಕಾದು ನೋಡೋಕಾಗುತ್ತಾ? ಪ್ರೋಗ್ರಾಮಿಗೆ ಸುಳ್ಳು ತಾರೀಕು ತೋರಿಸಿ ಈಗಲೇ ಟೆಸ್ಟ್ ಮಾಡಬೇಕು. 2012ರ ಫೆಬ್ರವರಿ 29ರಂದು ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್ ಕುಸಿದಿತ್ತು. ಯಂತ್ರಗಳು ತಮ್ಮ ಗುರುತು ತೋರಿಸಲು ಬಳಸುವ ಡಿಜಿಟಲ್ ಸರ್ಟಿಫಿಕೇಟಿಗೆ ಒಂದು ವರ್ಷದ ಆಯಸ್ಸು ಕೊಡಲು ಆ ಕೋಡ್ ಇಸವಿಗೆ ಸುಮ್ನೆ ಒಂದು ಕೂಡಿಸಿತ್ತು. ಬಂದ ಉತ್ತರ 2013ರ ಫೆಬ್ರವರಿ 29. ಅಂಥ ದಿನವೇ ಇಲ್ಲ. ಯಾರಾದರೂ ಮೊದಲೇ ಗಡಿಯಾರ ತಿರುಗಿಸಿ ನೋಡಿದ್ದರೆ ಸಿಕ್ಕಿಬೀಳುತ್ತಿತ್ತು.

ಹಾಗಂತ ಕಂಪ್ಯೂಟರಿನ ಗಡಿಯಾರವನ್ನೇ ತಿರುಗಿಸಬೇಡಿ. ಹೊಸಬರು ಮೊದಲು ಕೈ ಹಾಕುವುದೇ ಅಲ್ಲಿಗೆ. ತಿರುಗಿಸಿದ ಕೂಡಲೇ ಬ್ರೌಸರ್ ಸರ್ಟಿಫಿಕೇಟ್ ಸರಿಯಿಲ್ಲ ಅಂತ ತಕರಾರು ತೆಗೆಯುತ್ತದೆ. 30 ಸೆಕೆಂಡಿಗೊಮ್ಮೆ ಬದಲಾಗುವ ಒಟಿಪಿ ಆ್ಯಪ್ ಅದೇ ಯಂತ್ರದಲ್ಲಿದ್ದರೆ ಅದರ ಕೋಡ್ ತಪ್ಪಾಗುತ್ತದೆ. ಲಾಗ್ ಫೈಲುಗಳು ಹಿಂದೆಮುಂದೆ ಆಗುತ್ತವೆ. ಅಷ್ಟರಲ್ಲಿ ಇಂಟರ್ನೆಟ್ ನೋಡಿ ಹೊತ್ತು ಹೊಂದಿಸುವ ನೆಟ್‌ವರ್ಕ್ ಟೈಮ್ ಬಂದು ಗಡಿಯಾರವನ್ನು ಸದ್ದಿಲ್ಲದೆ ಸರಿ ಮಾಡಿಬಿಡುತ್ತದೆ, ನೀವು ಟೆಸ್ಟ್ ಪಾಸಾಯ್ತು ಅಂದುಕೊಂಡು ಎದ್ದು ಹೋಗುತ್ತೀರಿ. ಬೇಕಾಗಿರುವುದು ಒಂದೇ ಒಂದು ಪ್ರೋಗ್ರಾಮಿಗೆ ಸುಳ್ಳು ಹೇಳುವುದು.

ಲಿನಕ್ಸ್‌ನಲ್ಲಿ ಆ ಕೆಲಸಕ್ಕೆ ಲಿಬ್‌ಫೇಕ್‌ಟೈಮ್ ಇದೆ. ಉಬುಂಟು, ಡೆಬಿಯನ್‌ನಲ್ಲಿ ಪ್ಯಾಕೇಜಿನ ಹೆಸರು ಫೇಕ್‌ಟೈಮ್. ಹಾಕಿಕೊಂಡು ಮೊದಲು ಇದನ್ನು ಓಡಿಸಿ (ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ):

ಫೇಕ್‌ಟೈಮ್ '2027-03-31 23:59:50' ಡೇಟ್

ಡೇಟ್ ಕಮಾಂಡ್ 2027ರ ಮಾರ್ಚ್ 31 ಅಂತ ತೋರಿಸುತ್ತದೆ. ಪಕ್ಕದ ಟರ್ಮಿನಲ್‌ನಲ್ಲಿ ಬರಿಯ ಡೇಟ್ ಕೊಟ್ಟು ನೋಡಿ, ಇವತ್ತಿನ ತಾರೀಕೇ ಇರುತ್ತದೆ. ಡೇಟ್ ಇದ್ದ ಜಾಗದಲ್ಲಿ ನಿಮ್ಮ ಪ್ರೋಗ್ರಾಮ್ ಶುರು ಮಾಡುವ ಕಮಾಂಡ್ ಹಾಕಿದರೆ ಮುಗಿಯಿತು. ಗಡಿಯಾರ ಆ ಹೊತ್ತಿನಿಂದ ಮುಂದೆ ಓಡುತ್ತದೆ, ಹತ್ತು ಸೆಕೆಂಡಿಗೆ ಹೊಸ ವರ್ಷ ಕಣ್ಣೆದುರೇ ಹುಟ್ಟುತ್ತದೆ. ಗಡಿಯಾರ ನಿಂತೇ ಇರಬೇಕು ಅಂದರೆ ಫೇಕ್‌ಟೈಮ್ ಆದಮೇಲೆ ಒಂದು ಅಡ್ಡಗೆರೆ, ಎಫ್ (-f) ಸೇರಿಸಿ. ಆ ಎಫ್ ಇದ್ದೂ ಓಡಬೇಕು ಅಂದರೆ ತಾರೀಕಿನ ಮುಂದೆ @ ಹಾಕಿ.

ಇದು ಹೇಗೆ ಸಾಧ್ಯ ಅಂದರೆ, ಪ್ರೋಗ್ರಾಮುಗಳು ಸಾಮಾನ್ಯವಾಗಿ ಹೊತ್ತು ಕೇಳುವುದು ಸಿ ಲೈಬ್ರರಿಯನ್ನು, ಅಂದರೆ ಬಹಳಷ್ಟು ಪ್ರೋಗ್ರಾಮುಗಳು ಹಂಚಿಕೊಳ್ಳುವ ಸಿದ್ಧ ಕೋಡನ್ನು. ಲಿಬ್‌ಫೇಕ್‌ಟೈಮ್ ಪ್ರೀಲೋಡ್ ಮೂಲಕ (ಅಂದರೆ ಎಲ್ಲಕ್ಕಿಂತ ಮೊದಲೇ ಲೋಡ್ ಆಗಿ) ಆ ಲೈಬ್ರರಿಗಿಂತ ಮುಂದೆ ಹೋಗಿ ಕೂತು, ಕೇಳಿದವರಿಗೆ ತನ್ನ ಉತ್ತರ ಕೊಡುತ್ತದೆ. ಇದು ಗೊತ್ತಿದ್ದರೆ ಎಲ್ಲಿ ಕೈ ಕೊಡುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಗೋ ಭಾಷೆಯ ಪ್ರೋಗ್ರಾಮುಗಳು ಸಿ ಲೈಬ್ರರಿಯ ಗೊಡವೆಗೇ ಹೋಗದೆ ಹೊತ್ತು ತಿಳಿದುಕೊಳ್ಳುತ್ತವೆ, ಅಲ್ಲಿ ಈ ಆಟ ನಡೆಯುವುದಿಲ್ಲ. ಸ್ಟ್ಯಾಟಿಕ್ ಆಗಿ, ಅಂದರೆ ಲೈಬ್ರರಿಯನ್ನು ತನ್ನೊಳಗೇ ಸೇರಿಸಿ ಕಟ್ಟಿದ ಯಾವ ಪ್ರೋಗ್ರಾಮಿಗೂ ಅಷ್ಟೇ. ಜಾವಾ ಪ್ರೋಗ್ರಾಮ್ ಶುರುವಾಗದೆ ನೇತಾಡಿದರೆ ಎಕ್ಸ್‌ಕ್ಲೂಡ್-ಮೊನೊಟಾನಿಕ್ ಅನ್ನುವ ಆಯ್ಕೆ ಕೊಟ್ಟು ನೋಡಿ, ಕಳೆದ ಹೊತ್ತನ್ನಷ್ಟೇ ಅಳೆಯುವ ಗಡಿಯಾರವನ್ನು ಅದು ಮುಟ್ಟದೆ ಬಿಡುತ್ತದೆ.

ಅಂಗಡಿಗಳಲ್ಲಿ ಓಡುವುದು ವಿಂಡೋಸ್ ಅಲ್ವಾ? ಅಲ್ಲಿಗೆ ನಿರ್‌ಸಾಫ್ಟ್‌ನವರ ರನ್‌ಆ್ಯಸ್‌ಡೇಟ್ ಇದೆ. ಪ್ರೋಗ್ರಾಮ್ ಆರಿಸಿ, ತಾರೀಕು ಕೊಟ್ಟು, ರನ್ ಒತ್ತಿ. ಆ ಒಂದು ಪ್ರೋಗ್ರಾಮಿಗೆ ಮಾತ್ರ ತಾರೀಕು ಬದಲಾಗುತ್ತದೆ.

ಇಷ್ಟು ಯಾರು ಬೇಕಾದರೂ ಹೇಳಿಕೊಡುತ್ತಾರೆ. ಕಷ್ಟ ಇರುವುದು ಮುಂದೆ. ನಿಮ್ಮ ಸಾಫ್ಟ್‌ವೇರ್ ನೋಡುವ ಗಡಿಯಾರ ಒಂದೇ ಅಲ್ಲ. ನಮ್ಮದನ್ನೇ ತಗೊಳ್ಳಿ: ಪೈಥಾನ್ ಸರ್ವರಿನದು ಒಂದು, ಮೈಸೀಕ್ವೆಲ್ ಡೇಟಾಬೇಸಿನದು ಇನ್ನೊಂದು, ಕೌಂಟರಿನಲ್ಲಿರುವ ಬ್ರೌಸರಿನದು ಮತ್ತೊಂದು. ಬಿಲ್ ತಾರೀಕನ್ನು ಪೈಥಾನ್ ಹಾಕಿ, ಸ್ಟಾಕ್ ಕಳೆದ ಹೊತ್ತನ್ನು ಡೇಟಾಬೇಸಿನ ನೌ ಫಂಕ್ಷನ್ ಹಾಕಿದರೆ, ಪೈಥಾನಿಗೆ ಮಾತ್ರ ಸುಳ್ಳು ಹೇಳಿ ಏನು ಬಂತು? ಬಿಲ್ 2027ರದ್ದು, ಸ್ಟಾಕ್ ಇವತ್ತಿನದ್ದು. ಪ್ರೋಗ್ರಾಮನ್ನು ಬೇರೆಯಾಗಿ ಓಡಿಸುವ ಡಬ್ಬಿಯಂಥ ಕಂಟೇನರ್ ಒಳಗಿಟ್ಟರೂ ಇದು ತಪ್ಪುವುದಿಲ್ಲ. ಡಾಕರ್ ಕಂಟೇನರಿಗೆ ತಾರೀಕಿನ ಗಡಿಯಾರ ಬೇರೆ ಇಲ್ಲ, ಹೋಸ್ಟ್ ಯಂತ್ರದ್ದೇ. ಲಿನಕ್ಸ್ 5.6ರಲ್ಲಿ ಒಂದು ಗುಂಪಿನ ಪ್ರೋಗ್ರಾಮುಗಳಿಗೆ ಬೇರೆ ಗಡಿಯಾರ ಕೊಡುವ ಟೈಮ್ ನೇಮ್‌ಸ್ಪೇಸ್ ಬಂದಿದೆ ನಿಜ, ಆದರೆ ಅದು ತಾರೀಕಿನ ಗಡಿಯಾರವನ್ನು ಮುಟ್ಟುವುದಿಲ್ಲ.

ಅದಕ್ಕೇ ಟೆಸ್ಟಿಗೆ ಮೊದಲು ಕೋಡಿನಲ್ಲಿ ಹುಡುಕಿ: ಹೊತ್ತು ಕೇಳುವ ಜಾಗಗಳು ಎಲ್ಲೆಲ್ಲಿವೆ, ಯಾವುದು ಯಾರನ್ನು ಕೇಳುತ್ತಿದೆ. ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮೈಸೀಕ್ವೆಲ್‌ಗೆ ಸುಲಭದ ದಾರಿ ಇದೆ:

ಸೆಟ್ ಟೈಮ್‌ಸ್ಟ್ಯಾಂಪ್ = 1806517790;

ಈ ಸಂಖ್ಯೆ 1970ರ ಆರಂಭದಿಂದ ಎಣಿಸಿದ ಸೆಕೆಂಡುಗಳು, ನಮ್ಮ ಹೊತ್ತಿನಲ್ಲಿ 2027ರ ಮಾರ್ಚ್ 31, ರಾತ್ರಿ 11:59:50. ಆ ಕನೆಕ್ಷನ್ ಇರುವವರೆಗೆ ನೌ ಫಂಕ್ಷನ್ ಇದನ್ನೇ ಹೇಳುತ್ತದೆ, ಮುಂದೆ ಓಡುವುದಿಲ್ಲ. ಇದೇ ಜಾಗದಲ್ಲಿ ಡಿಫಾಲ್ಟ್ ಅಂತ ಕೊಟ್ಟರೆ ನಿಜದ ಹೊತ್ತಿಗೆ ವಾಪಸ್. ಆದರೆ ಸಿಸ್‌ಡೇಟ್ ಫಂಕ್ಷನ್ ಇದಕ್ಕೆ ಜಗ್ಗುವುದಿಲ್ಲ, ನಿಜವನ್ನೇ ಹೇಳುತ್ತದೆ. ಹಳೆಯ ರಿಪೋರ್ಟುಗಳಲ್ಲಿ ಸಿಸ್‌ಡೇಟ್ ಇದೆಯಾ ಅಂತ ಒಮ್ಮೆ ನೋಡಿ. ಪೋಸ್ಟ್‌ಗ್ರೆಸ್ ಇದ್ದವರು ಟೆಸ್ಟಿಗಾಗಿ ಬೇರೆ ಡೇಟಾಬೇಸ್ ಸರ್ವರನ್ನೇ ಫೇಕ್‌ಟೈಮ್ ಕೆಳಗೆ ಎಬ್ಬಿಸುವುದು ವಾಸಿ. ಬ್ರೌಸರಿಗೆ, ಅದನ್ನು ತಾನೇ ಓಡಿಸಿ ಪರೀಕ್ಷಿಸುವ ಪ್ಲೇರೈಟ್‌ನಲ್ಲಿ ಕ್ಲಾಕ್ ಅಂತಲೇ ಸೌಲಭ್ಯ ಇದೆ, ಪುಟದ ಗಡಿಯಾರವನ್ನು ಬೇಕಾದ ಹೊತ್ತಿಗೆ ನಿಲ್ಲಿಸಬಹುದು.

ಈಗ ನಮ್ಮ ದೇಶದವರು ಎಡವುವ ಜಾಗ. ಕ್ಲೌಡ್ ಸರ್ವರುಗಳು ಸಾಮಾನ್ಯವಾಗಿ ಯುಟಿಸಿ ಅನ್ನುವ ಜಾಗತಿಕ ಮೂಲ ಹೊತ್ತಿನಲ್ಲಿರುತ್ತವೆ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ನಮ್ಮ ನಡುರಾತ್ರಿಯಿಂದ ಬೆಳಗಿನ ಐದೂವರೆವರೆಗೆ ಸರ್ವರಿಗೆ ಇನ್ನೂ ನಿನ್ನೆ. ಆಸ್ಪತ್ರೆ ಎದುರಿನ ಔಷಧಿ ಅಂಗಡಿ ರಾತ್ರಿಯಿಡೀ ತೆರೆದಿರುತ್ತದೆ. ಏಪ್ರಿಲ್ 1ರ ಬೆಳಗಿನ ಜಾವ 3 ಗಂಟೆಗೆ ಅಲ್ಲಿ ಬಿಲ್ ಮಾಡಿದರೆ, ಕೋಡ್ ಯುಟಿಸಿ ತಾರೀಕು ನೋಡುತ್ತಿದ್ದರೆ, ಆ ಬಿಲ್ ಹಳೆಯ ವರ್ಷದ ಸರಣಿಗೆ ಸೇರುತ್ತದೆ. ಬೆಳಿಗ್ಗೆ ಹತ್ತಕ್ಕೆ ಆಫೀಸಿನಲ್ಲಿ ಕೂತು ಟೆಸ್ಟ್ ಮಾಡುವವರಿಗೆ ಇದು ಯಾವತ್ತೂ ಕಾಣುವುದಿಲ್ಲ. ಹಾಗಾಗಿ ನಾನು ನಾಲ್ಕು ಹೊತ್ತು ಹಿಡಿದು ನೋಡುತ್ತೇನೆ: 31ರ 23:59:50, 1ರ 00:00:10, 1ರ 05:29:50, 1ರ 05:30:10. ನಾಲ್ಕನ್ನೂ ಟೈಮ್‌ಝೋನ್ ಏಷ್ಯಾ/ಕೋಲ್ಕತ್ತಾ ಇಟ್ಟು ಒಮ್ಮೆ, ಯುಟಿಸಿ ಇಟ್ಟು ಒಮ್ಮೆ. ಒಂದು ಎಚ್ಚರ: ನೀವು ಕೊಡುವ ತಾರೀಕನ್ನು ಫೇಕ್‌ಟೈಮ್ ಓದುವುದು ಆಗ ಇಟ್ಟಿರುವ ಟೈಮ್‌ಝೋನಿನಲ್ಲಿ. ಯುಟಿಸಿ ಇಟ್ಟಾಗ ನಮ್ಮ 23:59:50 ಬೇಕಾದರೆ 18:29:50 ಅಂತ ಬರೆಯಬೇಕು.

ಪೈಥಾನಿನ ಯುನಿಟ್ ಟೆಸ್ಟ್‌ಗಳಲ್ಲಿ (ಕೋಡಿನ ಸಣ್ಣ ತುಣುಕುಗಳ ಟೆಸ್ಟ್) ಹೊತ್ತನ್ನು ನಿಲ್ಲಿಸಲು ಫ್ರೀಝ್‌ಗನ್ ಬಳಸುವವರು ಜಾಸ್ತಿ. ಚೆನ್ನಾಗಿಯೇ ಇದೆ, ಆದರೆ ಇದೇ ತಪ್ಪನ್ನು ಅದು ಮುಚ್ಚಿಹಾಕಬಲ್ಲದು. ನೀವು ಕೊಟ್ಟ ಹೊತ್ತನ್ನು ಅದು ಯುಟಿಸಿ ಅಂದುಕೊಳ್ಳುತ್ತದೆ. ವ್ಯತ್ಯಾಸ ಹೇಳದಿದ್ದರೆ ಸ್ಥಳೀಯ ಹೊತ್ತೂ ಅದೇ ಆಗಿಬಿಡುತ್ತದೆ. ಎರಡೂ ಒಂದೇ ಆದಮೇಲೆ ಐದೂವರೆ ಗಂಟೆಯ ತಪ್ಪು ಎಲ್ಲಿಂದ ಕಾಣಬೇಕು? ಟಿಝಡ್-ಆಫ್‌ಸೆಟ್ ಜಾಗದಲ್ಲಿ ಐದೂವರೆ ಗಂಟೆಯ ಟೈಮ್‌ಡೆಲ್ಟಾ ಕೊಡಿ. ನನ್ನ ಮಟ್ಟಿಗೆ, ಕೋಡ್ ನಿಮ್ಮದೇ ಆಗಿದ್ದರೆ ಇವತ್ತಿನ ತಾರೀಕನ್ನು ಒಂದೇ ಫಂಕ್ಷನ್ ಮೂಲಕ ಕೇಳುವ ಹಾಗೆ ಬರೆಸುವುದು ಎಲ್ಲಕ್ಕಿಂತ ಮೇಲು. ಜಾವಾದಲ್ಲಿ ಕ್ಲಾಕ್ ಅನ್ನುವ ಕ್ಲಾಸ್ ಇರುವುದೇ ಇದಕ್ಕೆ. ಡೆವಲಪರುಗಳು ಗೊಣಗುತ್ತಾರೆ, ಗೊಣಗಲಿ.

ಹಿಂದಿನ ತಾರೀಕುಗಳನ್ನೂ ಬಿಡಬೇಡಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ 12 ಮತ್ತು 28 ಶೇಕಡ ದರಗಳು ಬಹುಮಟ್ಟಿಗೆ ಹೋದವು, ಬಹುತೇಕ ಸಾಮಾನು 5 ಇಲ್ಲವೇ 18ಕ್ಕೆ ಬಂತು. 21ರ ರಾತ್ರಿಗೆ ಗಡಿಯಾರ ಇಟ್ಟು ಒಂದು ಬಿಲ್, ದಿನ ಬದಲಾದ ಮೇಲೆ ಅದೇ ಸಾಮಾನಿಗೆ ಇನ್ನೊಂದು ಬಿಲ್ ಮಾಡಿ. ಆಮೇಲೆ ಹಳೆಯ ಬಿಲ್ ತೆರೆದು ಮತ್ತೆ ಪ್ರಿಂಟ್ ಕೊಡಿ. ಹಳೆಯ ದರವೇ ಬರಬೇಕು.

ಭವಿಷ್ಯದಲ್ಲಿರುವ ಪ್ರೋಗ್ರಾಮ್ ಹೊರಗಿನ ಸರ್ವರನ್ನು ಮಾತಾಡಿಸಿದರೆ ಅಲ್ಲಿನ ಸರ್ಟಿಫಿಕೇಟ್ ಅವಧಿ ಮುಗಿದಂತೆ ಕಾಣುತ್ತದೆ, ಲಾಗಿನ್ ಟೋಕನ್ನುಗಳೂ ಸತ್ತಿರುತ್ತವೆ. ಅದು ನಿಮ್ಮ ಬಗ್ ಅಲ್ಲ. ಟೆಸ್ಟಿಗೆ ಹೊರಗಿನ ಸರ್ವರುಗಳ ಜಾಗದಲ್ಲಿ ಡಮ್ಮಿ ಇಡಿ.

ಮುಗಿದ ಮೇಲೆ ಟೆಸ್ಟ್ ಡೇಟಾಬೇಸ್ ಅಳಿಸಿ ಹೊಸದು ಕಟ್ಟಿ. 2027ರ ಒಂದು ಬಿಲ್ ಉಳಿದಿದ್ದರೂ ನಾಳೆಯ ಟೆಸ್ಟಿನಲ್ಲಿ ಕೊನೆಯ ಬಿಲ್ ಅಂತ ಅದೇ ಎದ್ದು ಬರುತ್ತದೆ. ಹೋಮ್ ಫೋಲ್ಡರಿನಲ್ಲಿ ಸುಳ್ಳು ತಾರೀಕು ಬರೆದಿಡುವ ಫೇಕ್‌ಟೈಮ್‌ಆರ್‌ಸಿ ಫೈಲ್ ಮಾಡಿಟ್ಟಿದ್ದರೆ ಅದನ್ನೂ ತೆಗೆಯಿರಿ. ಅದರ ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ ಸಾಮಾನ್ಯ ಪಟ್ಟಿಯಲ್ಲಿ ಕಾಣುವುದಿಲ್ಲ.